ಸೋತ ಮೇಲೆ ತಟ್ಟಲು ಬಾಗಿಲಿದೆಯೇ?

ತುಮಕೂರಿನಲ್ಲಿ ಆದಾಯ ತೆರಿಗೆಯ ಲೆಕ್ಕಪತ್ರ ನೋಡಿಕೊಡುವ ವೃತ್ತಿಯಲ್ಲಿರುವ ನನಗೆ ಕೆಲವು ವರ್ಷಗಳಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನು ಕಾನೂನಿನ ಚೌಕಟ್ಟಿನಲ್ಲೇ, ಮೋಸ ಹೋಗದಂತೆ ಆರಂಭಿಸುವ ದಾರಿ ಯಾವುದು ಎಂಬುದೇ ಆ ಪ್ರಶ್ನೆ. ಕೇಳುವವರು ಇಸ್ಪೀಟಿನ ಅಡ್ಡೆಗಳಲ್ಲಿ ಪಳಗಿದವರಲ್ಲ. ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಮಗ, ವಸಂತನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ಹುಡುಗ, ಗುಬ್ಬಿಯಿಂದ ದಿನವೂ ರೈಲು ಹಿಡಿದು ಬೆಂಗಳೂರಿಗೆ ಹೋಗಿಬರುವ ನೌಕರ, ಹೀಗೆ ದುಡಿದು ತಿನ್ನುವ ಮನೆಗಳ ಜನ. ಕಾನೂನು ಮೀರುವ ಉದ್ದೇಶ ಅವರಿಗಿಲ್ಲ. ಇದ್ದಿದ್ದರೆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಅಂಥವರಿಗೆ ಗದರಿಕೆಯ ಬದಲು ಪೂರ್ಣವಾದ ಉತ್ತರವೊಂದು ಸಿಗಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಹಣದ ಆಟವೊಂದರ ಸುರಕ್ಷತೆ ಆಡುವವನ ಜಾಗರೂಕತೆಯನ್ನು ಅವಲಂಬಿಸಿದ್ದಲ್ಲ. ವ್ಯವಹಾರ ಕೆಟ್ಟಾಗ ಹೋಗಿ ತಟ್ಟಲು ಒಂದು ಬಾಗಿಲಿದೆಯೇ, ಆ ಬಾಗಿಲಿನ ಹಿಂದೆ ಕುಳಿತವರಿಗೆ ಕಂಪನಿಯನ್ನು ಕರೆಸಿ ಲೆಕ್ಕ ಕೇಳುವ ಅಧಿಕಾರವಿದೆಯೇ ಎಂಬುದನ್ನು ಅದು ಅವಲಂಬಿಸಿದೆ. ಪಾಸ್‌ವರ್ಡ್ ಗಟ್ಟಿಯಾಗಿಡುವುದು, ಚಿಕ್ಕ ಮೊತ್ತದಿಂದ ಆರಂಭಿಸುವುದು, ಬೇರೆಯವರ ಅಭಿಪ್ರಾಯ ಓದಿ ಆ್ಯಪ್ ಆರಿಸಿಕೊಳ್ಳುವುದು ಇವೆಲ್ಲ ಒಳ್ಳೆಯ ಅಭ್ಯಾಸಗಳೇ ಆದರೂ ಆ ಬಾಗಿಲಿಲ್ಲದ ಕಡೆ ಉಪಯೋಗಕ್ಕೆ ಬರುವುದಿಲ್ಲ. ಭಾರತದಲ್ಲಿ ಇಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟದ ಮಟ್ಟಿಗೆ ಅಂಥ ಬಾಗಿಲೊಂದು ಇಲ್ಲ. ಹೀಗಾಗಿ, ಆರಂಭಿಸುವ ದಾರಿಯನ್ನು ಕೇಳಿ ಬಂದವರಿಗೆ ನಾನು ಆ್ಯಪ್‌ಗಳ ಹೆಸರನ್ನು ಹೇಳುವುದಿಲ್ಲ. ಈ ಸ್ಥಿತಿ ಹೇಗೆ ಬಂತು ಎಂಬುದನ್ನು ವಿವರಿಸುತ್ತೇನೆ.

ಪಂದ್ಯ ಮತ್ತು ಜೂಜು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ, 34ನೆಯ ನಮೂದಿನಲ್ಲಿ ಇವೆ. ಅಂದರೆ ಈ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಮೂಲತಃ ರಾಜ್ಯಗಳದ್ದು. ಕರ್ನಾಟಕದಲ್ಲಿ ಅದನ್ನು ನಿಯಂತ್ರಿಸುತ್ತಾ ಬಂದದ್ದು 1963ರ ಪೊಲೀಸ್ ಕಾಯ್ದೆ. ಮಟ್ಕಾ ಚೀಟಿ ಬರೆಯುವವರ ಮೇಲೆ, ತೋಟದ ಮನೆಗಳಲ್ಲಿ ಅಂದರ್ ಬಾಹರ್ ಆಡುವವರ ಮೇಲೆ ನಮ್ಮ ಜಿಲ್ಲೆಯ ಪೊಲೀಸರು ಪ್ರಕರಣ ದಾಖಲಿಸುವುದು ಇದರ ಅಡಿಯಲ್ಲೇ. ಕೌಶಲದ ಆಟಕ್ಕೆ ಆ ಕಾಯ್ದೆಯಲ್ಲಿ ವಿನಾಯಿತಿ ಇತ್ತು. ಮೊಬೈಲ್ ಬಂದ ಮೇಲೆ ರಮ್ಮಿ, ಫ್ಯಾಂಟಸಿ ಕ್ರಿಕೆಟ್ (ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ ಹಣ ಹೂಡುವ ಆಟ) ಮುಂತಾದವು ಬೆಳೆದದ್ದು ಆ ಒಂದು ವಿನಾಯಿತಿಯ ನೆರಳಿನಲ್ಲಿ.

ರಾಜ್ಯ ರಾಜ್ಯಕ್ಕೂ ಕಾನೂನು ಬೇರೆಯಾದರೆ ಏನಾಗುತ್ತದೆ ಎಂಬುದನ್ನು ನೋಡಲು ಪಾವಗಡಕ್ಕಿಂತ ಒಳ್ಳೆಯ ಊರು ಸಿಗಲಾರದು. ತಾಲ್ಲೂಕನ್ನು ಬಹುಪಾಲು ಎಲ್ಲ ದಿಕ್ಕುಗಳಿಂದಲೂ ಆಂಧ್ರಪ್ರದೇಶ ಸುತ್ತುವರಿದಿದೆ. ಆಂಧ್ರ ಸರ್ಕಾರ 2020ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ಕಂಪನಿಗಳು ಮೊಬೈಲ್ ಇರುವ ಜಾಗವನ್ನು ನೋಡಿ ಆ ರಾಜ್ಯದವರಿಗೆ ಬಾಗಿಲು ಮುಚ್ಚಿದವು. ಹಾಗಾಗಿ ಪಾವಗಡದಲ್ಲಿ ತೆರೆಯುತ್ತಿದ್ದ ಆಟ ಮಡಕಶಿರಾದ ಸಂತೆಗೆ ಹೋದವನ ಕೈಯಲ್ಲಿ ನಿಂತುಹೋಗುತ್ತಿತ್ತು. ಒಂದೇ ಆಟ, ಒಂದೇ ಖಾತೆ, ಒಂದೇ ಹಣ. ಗಡಿಯ ಆಚೆ ಅಪರಾಧ, ಈಚೆ ವ್ಯಾಪಾರ. ಕರ್ನಾಟಕವೂ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತು. ಆದರೆ 2022ರ ಫೆಬ್ರವರಿ 14ರಂದು ಹೈಕೋರ್ಟಿನ ವಿಭಾಗೀಯ ಪೀಠ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಕೌಶಲದ ಆಟವನ್ನು ಜೂಜಿನ ಜೊತೆ ಸೇರಿಸಿ ನಿಷೇಧಿಸಲಾಗದು ಎಂಬುದು ತೀರ್ಪಿನ ಸಾರವಾಗಿತ್ತು. ಅಲ್ಲಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ರಾಜ್ಯದಲ್ಲಿ ಈ ವ್ಯವಹಾರ ಜಾಹೀರಾತುಗಳ ಸಮೇತ ಮೆರೆಯಿತು. ಕಾನೂನುಬದ್ಧವಾಗಿ ಆಡಬಹುದು ಎಂಬ ಭಾವನೆ ಇಲ್ಲಿನ ಯುವಕರಲ್ಲಿ ಬೇರೂರಿದ್ದು ಆ ಅವಧಿಯಲ್ಲಿ, ಮತ್ತು ಆ ಅವಧಿಯ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ.

ಆ ದಿನಗಳ ಜಾಹೀರಾತುಗಳು ಎದುರಿಗಿಡುತ್ತಿದ್ದ ದೊಡ್ಡ ಸಾಕ್ಷಿಯೆಂದರೆ 1968ರ ಸುಪ್ರೀಂ ಕೋರ್ಟ್ ತೀರ್ಪು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಅದರಲ್ಲಿ ಹೇಳಿರುವುದು ನಿಜ. ಎಲೆ ಬೀಳುವುದನ್ನು ನೆನಪಿಟ್ಟುಕೊಳ್ಳಬೇಕು, ಯಾವುದನ್ನು ಉಳಿಸಿ ಯಾವುದನ್ನು ಎಸೆಯಬೇಕೆಂಬ ಲೆಕ್ಕಾಚಾರ ಬೇಕು ಎಂದು ನ್ಯಾಯಾಲಯ ವಿವರಿಸಿತು. ಆದರೆ ಅದೇ ತೀರ್ಪಿನ ಇನ್ನೊಂದು ಮಾತನ್ನು ಯಾವ ಜಾಹೀರಾತೂ ಹೇಳಲಿಲ್ಲ. ಪಣವಿಟ್ಟು ಆಡುವ ಆಟದಿಂದ ಕ್ಲಬ್ಬಿನ ಅಥವಾ ಮನೆಯ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದರೆ ಅಲ್ಲಿ ಅಪರಾಧ ಸಾಬೀತಾಗಬಹುದು ಎಂದೂ ನ್ಯಾಯಾಲಯ ಸೂಚಿಸಿತ್ತು. ಆಗ ಎದುರಿಗಿದ್ದದ್ದು ಸಿಕಂದರಾಬಾದಿನ ಒಂದು ಕ್ಲಬ್ಬು. ಸದಸ್ಯರಿಂದ ಅದು ಪಡೆಯುತ್ತಿದ್ದುದು ಚಿಲ್ಲರೆ ಶುಲ್ಕ. ಪ್ರತಿ ಕೈಯಾಟದಲ್ಲೂ ಪಾಲು ಮುರಿದುಕೊಳ್ಳುವ ಆ್ಯಪ್‌ಗೆ ಆ ತೀರ್ಪನ್ನು ಅರ್ಧ ಮಾತ್ರ ಹೊದಿಸಿದ್ದು ನನ್ನ ಪ್ರಕಾರ ಅಪ್ರಾಮಾಣಿಕ ಕೆಲಸ.

ಈ ಅಧ್ಯಾಯ 2025ರ ಆಗಸ್ಟ್‌ನಲ್ಲಿ ಮುಗಿಯಿತು. ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಮಸೂದೆ ಆಗಸ್ಟ್ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಗಿ, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಶುಲ್ಕ ಕಟ್ಟಿ ಅಥವಾ ಹಣವಿಟ್ಟು, ಪ್ರತಿಯಾಗಿ ಹಣ ಗೆಲ್ಲುವ ನಿರೀಕ್ಷೆಯಲ್ಲಿ ಆಡುವ ಆಟ ಕೌಶಲದ್ದಾಗಿರಲಿ, ಅದೃಷ್ಟದ್ದಾಗಿರಲಿ, ಎರಡೂ ಬೆರೆತದ್ದಾಗಿರಲಿ, ಅದನ್ನು ಆನ್‌ಲೈನ್‌ನಲ್ಲಿ ಒದಗಿಸುವಂತಿಲ್ಲ ಎಂಬುದು ಆ ಕಾಯ್ದೆಯ ಬೆನ್ನೆಲುಬು. ಒದಗಿಸಿದವರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 1 ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ನೀಡಿದವರಿಗೆ 2 ವರ್ಷದವರೆಗೆ ಸೆರೆವಾಸ ಮತ್ತು 50 ಲಕ್ಷ ರೂಪಾಯಿವರೆಗೆ ದಂಡವನ್ನು ಅದು ಗೊತ್ತುಪಡಿಸಿದೆ. ಬ್ಯಾಂಕುಗಳು ಮತ್ತು ಪಾವತಿ ಸಂಸ್ಥೆಗಳು ಅಂಥ ವಹಿವಾಟಿಗೆ ನೆರವಾಗುವುದನ್ನೂ ತಡೆದಿದೆ. ಕೌಶಲದ ನೆರಳಿನಲ್ಲಿ ನಿಂತಿದ್ದ ದೊಡ್ಡ ದೊಡ್ಡ ಕಂಪನಿಗಳು ಕೆಲವೇ ದಿನಗಳಲ್ಲಿ ಹಣದ ಆಟಗಳನ್ನು ನಿಲ್ಲಿಸಿದವು; ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಫ್ಯಾಂಟಸಿ ಕ್ರಿಕೆಟ್ ಕಂಪನಿ ಡ್ರೀಮ್ ಇಲೆವೆನ್‌ನ ಹೆಸರೂ ಕಾಣೆಯಾಯಿತು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟೂ ಸೇರಿದಂತೆ ಹಲವೆಡೆ ಸಲ್ಲಿಕೆಯಾದ ಅರ್ಜಿಗಳನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಈ ಕಾಯ್ದೆ ಆಡುವವನನ್ನು ಶಿಕ್ಷಿಸುವುದಿಲ್ಲ. ಆಡಿ ಹಣ ಕಳೆದುಕೊಂಡವನನ್ನು ಸಂತ್ರಸ್ತನೆಂದು ಪರಿಗಣಿಸುವುದಾಗಿ ಸರ್ಕಾರವೇ ಹೇಳಿದೆ. ಇದು ಮಾನವೀಯವಾದ ನಿಲುವು, ಸರಿಯಾದ ನಿಲುವು. ಆದರೆ ಇದೇ ಅಂಶವನ್ನು ಅನುಮತಿ ಎಂದು ಓದಿಕೊಂಡವರು ನನಗೆ ಬಹಳ ಮಂದಿ ಸಿಕ್ಕಿದ್ದಾರೆ. ನನಗೆ ಶಿಕ್ಷೆಯಿಲ್ಲ ಎಂದಾದರೆ ನಾನು ಆಡುವುದು ಕಾನೂನುಬದ್ಧವೇ ಅಲ್ಲವೇ ಎಂದು ಅವರು ವಾದಿಸುತ್ತಾರೆ. ಅವರಿಗೆ ನಾನು ತೋರಿಸುವುದು 1872ರ ಒಪ್ಪಂದ ಕಾಯ್ದೆಯ 30ನೆಯ ಕಲಮನ್ನು. ಪಂದ್ಯದ ಕರಾರು ಅನೂರ್ಜಿತ ಎಂದು ಅದು ಹೇಳುತ್ತದೆ. ಪಂದ್ಯದಲ್ಲಿ ಗೆದ್ದೆನೆಂದು ಹೇಳುವ ಹಣವನ್ನು ವಸೂಲಿ ಮಾಡಿಕೊಡಿ ಎಂದು ದಾವೆ ಹೂಡಲು ಬರುವುದಿಲ್ಲ. ಒಂದೂವರೆ ಶತಮಾನದಿಂದ ಇರುವ ಈ ಕಲಮಿನ ಜೊತೆಗೆ ಹೊಸ ನಿಷೇಧವನ್ನೂ ಇಟ್ಟು ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ. ನೀವು 2 ಲಕ್ಷ ಗೆದ್ದು ಆ್ಯಪ್ ಕೊಡಲಿಲ್ಲವೆಂದರೆ ಸಿವಿಲ್ ನ್ಯಾಯಾಲಯ ನಿಮಗೆ ನೆರವಾಗದು, ಗ್ರಾಹಕ ಆಯೋಗಕ್ಕೆ ಹೋಗೋಣವೆಂದರೆ ಎದುರುದಾರನಿಗೆ ಈ ದೇಶದಲ್ಲಿ ವಿಳಾಸವೇ ಇರುವುದಿಲ್ಲ. ಶಿಕ್ಷೆಯ ಭಯವಿಲ್ಲದಿರುವುದು ಬೇರೆ, ಕಾನೂನು ಬೆನ್ನಿಗೆ ನಿಲ್ಲುವುದು ಬೇರೆ. ಜೂಜಾಡಲು ಹೊರಟವನಿಗೆ ಬೇಕಾದದ್ದು ಎರಡನೆಯದು.

ವಿಳಾಸವಿಲ್ಲದವರು ಎಂದೆನಲ್ಲ, ಅವರ ಬಗ್ಗೆ ಇನ್ನಷ್ಟು ವಿವರವಾಗಿ ಹೇಳಬೇಕು. ಏಕೆಂದರೆ ಇಲ್ಲಿನ ಕಂಪನಿಗಳು ಬಾಗಿಲು ಹಾಕಿದ ಮೇಲೆ ಉಳಿದಿರುವುದು ಅವರೇ. ಸಮುದ್ರದಾಚೆ ಯಾವುದೋ ದ್ವೀಪದಲ್ಲಿ ನೋಂದಣಿಯಾದ ಜಾಲತಾಣ, ಅದಕ್ಕೆ ಕನ್ನಡದಲ್ಲಿ ಮಾತಾಡುವ ಟೆಲಿಗ್ರಾಂ ಗುಂಪು, ಪ್ಲೇ ಸ್ಟೋರಿನಲ್ಲಿ ಸಿಗದ, ಲಿಂಕ್ ಒತ್ತಿ ಇಳಿಸಿಕೊಳ್ಳಬೇಕಾದ ಆ್ಯಪ್. ಪುಟದ ತಳದಲ್ಲಿ ಕೆರಿಬಿಯನ್ ದ್ವೀಪ ಕುರಸಾವ್‌ನ ಪರವಾನಗಿ ಸಂಖ್ಯೆ ಇರುತ್ತದೆ, ಕೆಲವೊಮ್ಮೆ ಬ್ರಿಟನ್ನಿನ ಮುದ್ರೆಯೂ ಇರುತ್ತದೆ. ಆ ಮುದ್ರೆ ನಿಜವೇ ಆಗಿದ್ದರೂ ಬ್ರಿಟನ್ನಿನ ಪರವಾನಗಿ ರಕ್ಷಿಸುವುದು ಬ್ರಿಟನ್ನಿನ ಗ್ರಾಹಕರನ್ನು. ಶಿರಾದಲ್ಲಿ ಕುಳಿತು ಆಡುವವನಿಗೆ ಅದು ಬರಿಯ ಚಿತ್ರ. ವಿದೇಶಕ್ಕೆ ಹಣ ಕಳುಹಿಸಿ ಆಡುವ ದಾರಿಯನ್ನೂ ನಮ್ಮ ವಿದೇಶಿ ವಿನಿಮಯದ ನಿಯಮಗಳು ಮುಚ್ಚಿವೆ. 2000ನೆಯ ಇಸವಿಯ ಚಾಲ್ತಿ ಖಾತೆ ವ್ಯವಹಾರಗಳ ನಿಯಮಗಳ ಪ್ರಕಾರ ಲಾಟರಿ ಟಿಕೆಟ್, ಸ್ವೀಪ್‌ಸ್ಟೇಕ್ ಮುಂತಾದವುಗಳಿಗಾಗಿ ಹಣ ರವಾನಿಸುವುದು ನಿಷಿದ್ಧ.

ಹಾಗಾದರೆ ಈ ತಾಣಗಳಿಗೆ ನಮ್ಮೂರಿನ ಹಣ ಹೋಗುವುದು ಹೇಗೆ? ನಾನು ನೋಡುವ ಬ್ಯಾಂಕ್ ಹೇಳಿಕೆಗಳಲ್ಲಿ ಅದರ ಹೆಜ್ಜೆಗುರುತು ಕಾಣುತ್ತದೆ. ಒಂದು ದಿನ ಹಣ ಯಾರೋ ವ್ಯಕ್ತಿಯ ಯುಪಿಐ ಐಡಿಗೆ ಹೋಗಿರುತ್ತದೆ, ಮರುದಿನ ಯಾವುದೋ ಕಿರಾಣಿ ಅಂಗಡಿಯ ಹೆಸರಿಗೆ, ಅದರ ಮರುದಿನ ಇನ್ನೊಂದು ರಾಜ್ಯದ ಟ್ರಾವೆಲ್ಸ್ ಹೆಸರಿಗೆ. ಇವು ಬಾಡಿಗೆ ಖಾತೆಗಳು. ತಿಂಗಳಿಗೆ ಇಷ್ಟೆಂದು ಹಣ ಪಡೆದು ತನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಎಲ್ಲವನ್ನೂ ಒಪ್ಪಿಸಿಬಿಡುವ ವಿದ್ಯಾರ್ಥಿಗಳು, ಕೂಲಿಕಾರರು ಸಿಗುತ್ತಲೇ ಇರುತ್ತಾರೆ. ಕಾಲೇಜುಗಳ ಊರಾದ ತುಮಕೂರಿನಲ್ಲಿ ತಂದೆತಾಯಂದಿರು ಇದನ್ನು ಚೆನ್ನಾಗಿ ತಿಳಿದಿರಬೇಕು. ಅಂಥ ಖಾತೆಯ ಮೂಲಕ ಎಲ್ಲೋ ನಡೆದ ವಂಚನೆಯ ಹಣ ಹಾದುಹೋದರೆ, ದೂರದ ರಾಜ್ಯದ ಪೊಲೀಸರಿಂದ ನೋಟಿಸು ಬರುವುದು ಖಾತೆದಾರನ ಮನೆಗೆ. ಆಟವನ್ನೇ ಆಡದ ಹುಡುಗ ಆರೋಪಿಯಾಗುತ್ತಾನೆ. ಗೆದ್ದವನಿಗೂ ನೆಮ್ಮದಿಯಿಲ್ಲ. ಅವನಿಗೆ ಬಂದ ಗೆಲುವಿನ ಹಣವೂ ಅದೇ ಕೊಳಕು ಕಾಲುವೆಯಲ್ಲಿ ಹರಿದು ಬಂದದ್ದಾದ್ದರಿಂದ ಅವನ ಸಂಬಳದ ಖಾತೆಯೇ ಸ್ಥಗಿತಗೊಳ್ಳಬಹುದು. ಹಾಗಾದಾಗ ಮನೆ ಬಾಡಿಗೆಗೂ ಮಕ್ಕಳ ಶುಲ್ಕಕ್ಕೂ ಪರದಾಡಬೇಕಾಗುತ್ತದೆ.

ವೃತ್ತಿಯ ಕಾರಣಕ್ಕೆ ನನ್ನನ್ನು ಹೆಚ್ಚು ಕಾಡಿದ ವಂಚನೆಯೊಂದಿದೆ. ಪರದೆಯ ಮೇಲೆ ದೊಡ್ಡ ಮೊತ್ತದ ಗೆಲುವು ತೋರಿಸುತ್ತಾರೆ. ಹಣ ತೆಗೆಯಲು ಹೋದರೆ ಮೊದಲು ಶೇ 30ರಷ್ಟು ತೆರಿಗೆ ಕಟ್ಟಿ, ಆಮೇಲೆ ಬಿಡುಗಡೆ ಮಾಡುತ್ತೇವೆ ಎನ್ನುತ್ತಾರೆ. ಶೇ 30 ಎಂಬ ಅಂಕಿ ಪತ್ರಿಕೆಯಲ್ಲಿ ಓದಿದ್ದೇ ಆದ್ದರಿಂದ ಜನ ನಂಬುತ್ತಾರೆ, ಸಾಲ ಮಾಡಿ ಕಟ್ಟುತ್ತಾರೆ. 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇ 30ರ ತೆರಿಗೆ ಇರುವುದು ನಿಜ. ಆದರೆ ಅದನ್ನು ಕಂಪನಿಯೇ ಮೂಲದಲ್ಲಿ ಮುರಿದುಕೊಂಡು, ಉಳಿದದ್ದನ್ನು ಕೊಟ್ಟು, ಮುರಿದ ಮೊತ್ತವನ್ನು ನಿಮ್ಮ ಪ್ಯಾನ್ ಸಂಖ್ಯೆಯ ಮೇಲೆ ಸರ್ಕಾರಕ್ಕೆ ಜಮೆ ಮಾಡಬೇಕು. ಗೆದ್ದ ಹಣ ಬಿಡಿಸಿಕೊಳ್ಳಲು ಗೆದ್ದವನೇ ಕಂಪನಿಗೆ ತೆರಿಗೆ ಕಟ್ಟುವ ಪದ್ಧತಿ ಭಾರತದ ಯಾವ ತೆರಿಗೆ ಕಾನೂನಿನಲ್ಲೂ ಇಲ್ಲ. ಹಾಗೆ ಕೇಳಿದ ಕ್ಷಣವೇ ಅದು ಮೋಸವೆಂದು ನಿಶ್ಚಯಿಸಿಕೊಳ್ಳಬಹುದು.

ಕಾನೂನು ಬೆನ್ನಿಗಿರುವ ಕಡೆ ವ್ಯವಸ್ಥೆ ಹೇಗಿರುತ್ತದೆ ಎಂಬುದಕ್ಕೆ ಬ್ರಿಟನ್ ಒಂದು ಉದಾಹರಣೆ. ಅಲ್ಲಿ 2005ರ ಕಾಯ್ದೆಯಡಿ ಜೂಜು ಆಯೋಗವಿದೆ. ಪರವಾನಗಿ ಪಡೆದ ಕಂಪನಿ ಆಟಕ್ಕೆ ಬಿಡುವ ಮೊದಲೇ ವಯಸ್ಸನ್ನು ಪರಿಶೀಲಿಸಬೇಕು, ತಾನು ದಿವಾಳಿಯಾದರೆ ಗ್ರಾಹಕರ ಠೇವಣಿಗೆ ಎಷ್ಟರ ಮಟ್ಟಿಗೆ ರಕ್ಷಣೆಯಿದೆ ಎಂಬುದನ್ನು ತಿಳಿಸಬೇಕು. 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವಂತಿಲ್ಲ. ನನಗೆ ಆಟ ಬೇಡ ಎಂದು ಒಮ್ಮೆ ಹೆಸರು ಬರೆಸಿದರೆ ಪರವಾನಗಿಯಿರುವ ಎಲ್ಲ ಆನ್‌ಲೈನ್ ತಾಣಗಳೂ ಅವನನ್ನು ಹೊರಗಿಡಬೇಕು. 2025ರಿಂದ ಆನ್‌ಲೈನ್ ಸ್ಲಾಟ್ ಯಂತ್ರದಲ್ಲಿ (ಗುಂಡಿ ಒತ್ತಿದರೆ ಚಿತ್ರಗಳು ತಿರುಗಿ ನಿಲ್ಲುವ ಅದೃಷ್ಟದ ಆಟ) ಒಂದು ಸುತ್ತಿಗೆ 5 ಪೌಂಡಿಗಿಂತ ಹೆಚ್ಚು, 18ರಿಂದ 24 ವಯಸ್ಸಿನವರಾದರೆ 2 ಪೌಂಡಿಗಿಂತ ಹೆಚ್ಚು ಕಟ್ಟುವಂತಿಲ್ಲ. ಇಷ್ಟೆಲ್ಲ ಬೇಲಿಯ ನಡುವೆಯೂ ಅಲ್ಲಿ ಜೂಜಿನಿಂದ ಮನೆಗಳು ಹಾಳಾಗುತ್ತಲೇ ಇವೆ ಎಂಬುದನ್ನು ಮರೆಯಬಾರದು. ಈ ಬೇಲಿಯ ಒಂದು ಕಂಬವೂ ಇಲ್ಲದ ಬಯಲಿನಲ್ಲಿ ನಮ್ಮ ಹುಡುಗರು ನಿಂತಿದ್ದಾರೆ.

ಇನ್ನು ಗಣಿತಕ್ಕೆ ಬರುತ್ತೇನೆ. ಪೂರ್ತಿ ಕಾನೂನುಬದ್ಧವಾದ, ಪೂರ್ತಿ ಪ್ರಾಮಾಣಿಕವಾದ ತಾಣವೊಂದು ಇದೆಯೆಂದೇ ಇಟ್ಟುಕೊಳ್ಳೋಣ. ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತದೆಂದು ಪಣ ಕಟ್ಟುವ ಆಟ ರೂಲೆಟ್. ಒಂದೇ ಸೊನ್ನೆಯಿರುವ ರೂಲೆಟ್ ಚಕ್ರದಲ್ಲಿ 37 ಮನೆಗಳು, ಅವುಗಳಲ್ಲಿ 18 ಕೆಂಪು, 18 ಕಪ್ಪು, ಒಂದು ಸೊನ್ನೆ. ಕೆಂಪಿನ ಮೇಲೆ ಕಟ್ಟಿದ ಹಣಕ್ಕೆ ಅಷ್ಟೇ ಹಣ ಸಿಗುತ್ತದೆ, ಆದರೆ ಗೆಲ್ಲುವ ಸಾಧ್ಯತೆ 37ರಲ್ಲಿ 18 ಮಾತ್ರ. ಆ ಒಂದು ಸೊನ್ನೆಯ ದೆಸೆಯಿಂದ ಕಟ್ಟಿದ ಪ್ರತಿ 100 ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ ಮಾಲೀಕನ ಪಾಲಾಗುತ್ತದೆ. ಇದರಲ್ಲಿ ಮೋಸವಿಲ್ಲ, ಆಟದ ಕಟ್ಟೋಣವೇ ಹಾಗೆ. 1913ರಲ್ಲಿ ಮಾಂಟೆ ಕಾರ್ಲೋದ ಕ್ಯಾಸಿನೊದಲ್ಲಿ ಸತತ 26 ಸಲ ಕಪ್ಪೇ ಬಂತು; ಇಷ್ಟು ಸಲ ಕಪ್ಪು ಬಂದ ಮೇಲೆ ಮುಂದಿನದು ಕೆಂಪೇ ಇರಬೇಕೆಂದು ನಂಬಿ ಕಟ್ಟುತ್ತಾ ಹೋದವರೆಲ್ಲ ನೆಲಕಚ್ಚಿದರು. ಚಕ್ರಕ್ಕೆ ಹಿಂದಿನ ಸುತ್ತಿನ ನೆನಪಿರುವುದಿಲ್ಲ.

ಸ್ಲಾಟ್ ಆಟಗಳಲ್ಲಿ ಶೇ 96 ಹಿಂದಿರುಗುತ್ತದೆ ಎಂದು ಬರೆದಿರುತ್ತಾರೆ. 1,000 ರೂಪಾಯಿ ಹಾಕಿದರೆ 960 ಉಳಿಯುತ್ತದೆ, 40 ರೂಪಾಯಿಗೆ ಒಂದು ಸಂಜೆಯ ಮನರಂಜನೆ ಸಿಕ್ಕಿತು ಎಂದು ಓದುಗ ತಿಳಿಯುತ್ತಾನೆ. ಆದರೆ ಆ ಶೇ 96 ಲೆಕ್ಕಕ್ಕೆ ಬರುವುದು ಠೇವಣಿಯ ಮೇಲಲ್ಲ, ಪ್ರತಿ ಸುತ್ತಿನಲ್ಲಿ ಕಟ್ಟುವ ಪಣದ ಮೇಲೆ. ಉಳಿದದ್ದನ್ನು ಮತ್ತೆ ಕಟ್ಟುತ್ತಾ ಹೋದರೆ 17 ಸಲ ಪೂರ್ತಿ ತಿರುಗಿಸುವಷ್ಟರಲ್ಲಿ 1,000 ರೂಪಾಯಿ ಸರಾಸರಿ 500ಕ್ಕೆ ಇಳಿದಿರುತ್ತದೆ. ಗಂಟೆಗೆ 600 ಸುತ್ತು ತಿರುಗುವ ಪರದೆಯಲ್ಲಿ, ಸುತ್ತಿಗೆ 10 ರೂಪಾಯಿಯಂತೆ, ಗಂಟೆಯೊಂದಕ್ಕೆ 6,000 ರೂಪಾಯಿಯ ಪಣ ಕಟ್ಟಿದಂತಾಗಿ 240 ರೂಪಾಯಿ ಹೋಗಿರುತ್ತದೆ. ಇದು ಸರಾಸರಿಯ ಮಾತು. ಒಬ್ಬ ಗೆದ್ದು ಕುಣಿದಾಡಬಹುದು, ಹತ್ತು ಜನ ಬರಿಗೈಯಾಗಿರಬಹುದು. ಕೌಶಲದ ಆಟವೆನ್ನುವ ರಮ್ಮಿಯಲ್ಲೂ ಕಂಪನಿಯ ಪಾಲು ಇದ್ದೇ ಇರುತ್ತದೆ. ಆರು ಜನ ತಲಾ 100 ರೂಪಾಯಿ ಹಾಕಿ, ಕಂಪನಿ ಶೇ 10 ಮುರಿದುಕೊಂಡರೆ ಗೆದ್ದವನಿಗೆ 540 ಸಿಗುತ್ತದೆ. ಆರೂ ಜನ ಸಮಬಲರಾಗಿದ್ದರೆ ಒಂದು ಆಟಕ್ಕೆ ಒಬ್ಬೊಬ್ಬರೂ ಸರಾಸರಿ 10 ರೂಪಾಯಿ ಕಳೆದುಕೊಂಡಂತೆ. ಇದರ ಮೇಲೆ 2023ರ ಅಕ್ಟೋಬರ್ 1ರಿಂದ ಠೇವಣಿಯ ಪೂರ್ತಿ ಮೊತ್ತಕ್ಕೆ ಶೇ 28ರ ಜಿಎಸ್‌ಟಿ ಬಂತು. ಕಟ್ಟಿದ 100ರಲ್ಲಿ ಸುಮಾರು 22 ರೂಪಾಯಿ ಆಟ ಶುರುವಾಗುವ ಮೊದಲೇ ತೆರಿಗೆಯ ಪಾಲಾಗುತ್ತಿತ್ತು. ಕಂಪನಿಗಳು ಬೋನಸ್ ಎಂಬ ಹೆಸರಿನಲ್ಲಿ ಅದನ್ನು ಮರೆಮಾಚುತ್ತಿದ್ದವು; ಆ ಖರ್ಚೂ ಕೊನೆಗೆ ಬರುತ್ತಿದ್ದುದು ಆಡುವವರ ಜೇಬಿನಿಂದಲೇ.

ವೇಗದ ಬಗ್ಗೆ ಒಂದು ಮಾತು. ಯುಗಾದಿಯ ಮರುದಿನ ವರ್ಷತೊಡಕಿಗೆ ನಮ್ಮ ಕಡೆಯ ಹಳ್ಳಿಗಳಲ್ಲಿ ಅರಳಿಕಟ್ಟೆಯ ಸುತ್ತ ಎಲೆ ಬೀಳುವುದು, ನಾಣ್ಯ ಚಿಮ್ಮುವುದು ಎಲ್ಲರಿಗೂ ಗೊತ್ತು. ಅದನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಅಲ್ಲಿಯೂ ಒಡವೆ ಅಡವಿಟ್ಟವರಿದ್ದಾರೆ. ಆದರೆ ಅಲ್ಲಿ ಎದುರಿಗೆ ಕುಳಿತವನ ಮುಖ ಕಾಣುತ್ತದೆ, ಕತ್ತಲಾದರೆ ಆಟ ಏಳುತ್ತದೆ, ಸೋತವನನ್ನು ದೊಡ್ಡವರೊಬ್ಬರು ತೋಳು ಹಿಡಿದು ಎಬ್ಬಿಸುತ್ತಾರೆ. ಮೊಬೈಲಿನ ಆಟಕ್ಕೆ ಕತ್ತಲಾಗುವುದೇ ಇಲ್ಲ. ಪಕ್ಕದಲ್ಲಿ ಮಲಗಿದ ಹೆಂಡತಿಗೂ ತಿಳಿಯದಂತೆ ತಿಂಗಳ ಸಂಬಳ ಖಾಲಿಯಾಗಬಹುದು.

ಇಲ್ಲಿನ ರೈತರು ಮುಂದಿಡುವ ವಾದವೊಂದಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಮಧುಗಿರಿ, ಪಾವಗಡದ ಕಡೆ ಕೊಳವೆಬಾವಿ ಕೊರೆಸುವುದೇ ದೊಡ್ಡ ಜೂಜು, ಸಾವಿರ ಅಡಿ ಹೋದರೂ ನೀರು ಬರದೆ ಲಕ್ಷಗಟ್ಟಲೆ ಮಣ್ಣುಪಾಲಾಗುತ್ತದೆ, ಆ ಜೂಜಿಗೆ ಇಲ್ಲದ ತಡೆ ಮೊಬೈಲ್ ಜೂಜಿಗೆ ಏಕೆ ಎಂದು ಅವರು ಕೇಳುತ್ತಾರೆ. ನಷ್ಟದ ನೋವು ಎರಡರಲ್ಲೂ ಒಂದೇ ಎಂಬುದನ್ನು ಒಪ್ಪುತ್ತೇನೆ. ಆದರೆ ಬಾವಿ ಬತ್ತಿದರೆ ಅದರಿಂದ ಯಾರಿಗೂ ಲಾಭವಿಲ್ಲ. ನೀರು ಬಂದರೆ ತೋಟಕ್ಕೆ, ಊರಿಗೆ ಎಲ್ಲರಿಗೂ ಲಾಭ. ಆನ್‌ಲೈನ್ ಜೂಜಿನಲ್ಲಿ ನೀವು ಸೋಲುವುದರಲ್ಲೇ ಎದುರಿನವನ ಆದಾಯವಿದೆ, ಮತ್ತು ನೀವು ಎಷ್ಟು ಹೊತ್ತು, ಯಾವ ಹೊತ್ತಿನಲ್ಲಿ, ಎಷ್ಟು ಸೋತ ಮೇಲೂ ಆಡುತ್ತೀರಿ ಎಂಬ ಮಾಹಿತಿಯೂ ಅವನ ಕೈಯಲ್ಲೇ ಇದೆ.

ಹಾಗಿದ್ದರೆ ಕಾನೂನಿನೊಳಗೆ ಉಳಿದಿರುವುದೇನು? ಕುದುರೆ ಪಂದ್ಯವಿದೆ. ಕುಣಿಗಲ್ ನಮ್ಮ ಜಿಲ್ಲೆಯದೇ ತಾಲ್ಲೂಕು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೇನೆಯ ಕುದುರೆಗಳಿಗಾಗಿ ಬೆಳೆದ ಅಲ್ಲಿನ ಕುದುರೆ ಫಾರಂ ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಕುದುರೆ ಪಂದ್ಯ ಕೌಶಲಕ್ಕೆ ಸಂಬಂಧಿಸಿದ್ದು ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬೆಂಗಳೂರು, ಮೈಸೂರಿನ ಪಂದ್ಯದ ಮೈದಾನಗಳು ಸರ್ಕಾರದ ಪರವಾನಗಿಯ ಮೇಲೆ ನಡೆಯುತ್ತವೆ. ಅಲ್ಲಿನ ಟೋಟ್ ಪದ್ಧತಿಯಲ್ಲಿ ಎಲ್ಲರ ಹಣವನ್ನೂ ಒಟ್ಟುಗೂಡಿಸಿ, ಕ್ಲಬ್ಬಿನ ಕಮಿಷನ್ ಮತ್ತು ತೆರಿಗೆ ಕಳೆದು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಅಲ್ಲಿಯೂ ಸೋಲೇ ಹೆಚ್ಚು, ಆದರೆ ವಿಳಾಸವಿದೆ, ರಸೀದಿಯಿದೆ, ಮೇಲ್ವಿಚಾರಣೆಯಿದೆ. ಹೋಗಲೇಬೇಕೆಂದರೆ ಸಿನಿಮಾಕ್ಕೆ ಖರ್ಚು ಮಾಡುವಷ್ಟು ಹಣವನ್ನು ನಗದಾಗಿ ಒಯ್ದು, ಕಾರ್ಡನ್ನು ಮನೆಯಲ್ಲೇ ಬಿಟ್ಟು ಹೋಗಿ ಎನ್ನುತ್ತೇನೆ.

ಲಾಟರಿಯನ್ನು ಕರ್ನಾಟಕ 2007ರಲ್ಲೇ ನಿಷೇಧಿಸಿತು. ನಿಷೇಧದ ನಂತರವೂ ಗುಟ್ಟಾಗಿ ಬೆಳೆದ ಒಂದಂಕಿ ಲಾಟರಿಯ ಹಗರಣ 2015ರಲ್ಲಿ ಹೊರಬಿದ್ದದ್ದು ಕೋಲಾರ ಜಿಲ್ಲೆಯ ಕೆಜಿಎಫ್ ಕಡೆಯಿಂದ ಎಂಬುದು ಹಲವರಿಗೆ ನೆನಪಿರಬಹುದು. ಕೇರಳ ಸರ್ಕಾರದ ಲಾಟರಿ ಕಾಗದದ ಟಿಕೆಟಿನದು, ಆನ್‌ಲೈನ್‌ನಲ್ಲಿ ಮಾರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಆ ಹೆಸರಿನಿಂದ ಬರುವ ಟಿಕೆಟುಗಳು ನಕಲಿ. ಹೊಸ ಕಾಯ್ದೆ ಇ-ಕ್ರೀಡೆಯನ್ನು ಹಣದ ಆಟದಿಂದ ಬೇರ್ಪಡಿಸಿ ಮಾನ್ಯ ಮಾಡಿದೆ. ಪ್ರವೇಶ ಶುಲ್ಕ ಕಟ್ಟಿ ಸ್ಪರ್ಧಿಸಿ ಬಹುಮಾನ ಗೆಲ್ಲಬಹುದು, ಆದರೆ ಅದರ ಮೇಲೆ ಪಂದ್ಯ ಕಟ್ಟುವಂತಿಲ್ಲ. ಪಣವಿಲ್ಲದೆ ಚಂದಾ ಕಟ್ಟಿ ಆಡುವ ಸಾಮಾಜಿಕ ಆಟಗಳಿಗೂ ಅಡ್ಡಿಯಿಲ್ಲ. ಆಟದ ಬುದ್ಧಿವಂತಿಕೆ ನಿಜಕ್ಕೂ ಇರುವ ಹುಡುಗರಿಗೆ ಇದು ಯೋಗ್ಯವಾದ ದಾರಿ ಎಂದು ನನಗೆ ತೋರುತ್ತದೆ. ಪಣವಿಲ್ಲದ ರಮ್ಮಿ ರುಚಿಸುವುದಿಲ್ಲ ಎಂದು ಯಾರಿಗಾದರೂ ಅನ್ನಿಸಿದರೆ, ಅವರನ್ನು ಸೆಳೆಯುತ್ತಿರುವುದು ರಮ್ಮಿಯಲ್ಲ, ಪಣ. ಅದನ್ನು ಬೇಗ ಗುರುತಿಸಿಕೊಳ್ಳುವುದು ಒಳ್ಳೆಯದು.

ಈಗಾಗಲೇ ಸಿಕ್ಕಿಕೊಂಡವರಿಗೆ ಹೇಳಬೇಕಾದ್ದು ಬೇರೆ. ವಂಚನೆಯಿಂದ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತುಮಕೂರಿನ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲು ತಡೆದರೆ ಮಾತ್ರ ಮರಳಿ ಸಿಗುವ ಆಸೆ ಇರುತ್ತದೆ, ಆದ್ದರಿಂದ ನಾಚಿಕೆಯಿಂದ ಒಂದು ರಾತ್ರಿ ಕಳೆಯುವುದೂ ನಷ್ಟವೇ. ಕಾನೂನು ನಿಮ್ಮನ್ನು ಸಂತ್ರಸ್ತರೆಂದು ನೋಡುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಡಿದ್ದನ್ನು ಮುಚ್ಚಿಟ್ಟು ಬೇರೆ ಕಥೆ ಹೇಳಬೇಡಿ. ಆಟ ಬಿಡಲಾಗುತ್ತಿಲ್ಲ ಎಂದಾದರೆ ಅದು ಚಿಕಿತ್ಸೆಯಿರುವ ಕಾಯಿಲೆ; ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಜೂಜಿನ ಚಟಕ್ಕೆ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ ಒಂದು ಚಿಕಿತ್ಸಾ ವಿಭಾಗವಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಲವು ಬ್ಯಾಂಕುಗಳ ಆ್ಯಪ್‌ನಲ್ಲಿ ಯುಪಿಐ ಮಿತಿಯನ್ನು ನೀವೇ ತಗ್ಗಿಸಿಕೊಳ್ಳಬಹುದು. ಸಂಬಳದ ಖಾತೆಯನ್ನು ಮನೆಯವರ ಜೊತೆ ಜಂಟಿ ಮಾಡಿಸುವುದೂ ಸಹಾಯಕ. ಹೋದ ಹಣವನ್ನು ಆಡಿಯೇ ತರುತ್ತೇನೆಂದು ಸಾಲದ ಆ್ಯಪ್‌ಗಳ ಕಡೆ ಕೈ ಚಾಚುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ಕೊನೆಯದಾಗಿ, ಕಂಪನಿಗಳು ಹಣದ ಆಟ ನಿಲ್ಲಿಸಿದಾಗ ವಾಲೆಟ್‌ನಲ್ಲಿ ಉಳಿದಿದ್ದ ಹಣವನ್ನು ಹಿಂಪಡೆದವರು ಆ ವರ್ಷದ ತೆರಿಗೆ ವಿವರವನ್ನು ಗಮನವಿಟ್ಟು ತುಂಬಿಸಬೇಕು. ಅದರಲ್ಲಿ ಗೆಲುವಿನ ಅಂಶವಿದ್ದರೆ ಕಂಪನಿ ತೆರಿಗೆ ಮುರಿದಿರುತ್ತದೆ, ಅದು ನಿಮ್ಮ 26ಎಎಸ್ (ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ವಾರ್ಷಿಕ ಮಾಹಿತಿ ಹೇಳಿಕೆಯಲ್ಲಿ ಕಾಣುತ್ತದೆ. ಒಂದು ಕಂಪನಿಯಲ್ಲಿ ಗೆದ್ದು ಇನ್ನೊಂದರಲ್ಲಿ ಸೋತಿದ್ದರೂ ಪ್ರತಿಯೊಂದು ಕಂಪನಿ ತನ್ನ ಪಾಲಿನ ಗೆಲುವಿಗೆ ತಾನು ತೆರಿಗೆ ಮುರಿಯುತ್ತದೆ. ಒಟ್ಟು ಆದಾಯ ಕಡಿಮೆಯಿದೆ, ವಿವರ ಸಲ್ಲಿಸುವ ಅಗತ್ಯವಿಲ್ಲ ಎಂದು ಬಿಟ್ಟರೆ ನೋಟಿಸು ಬರುವ ಸಾಧ್ಯತೆಯಿದೆ. ಆಟದ ಖಾತೆಯ ವಹಿವಾಟಿನ ಪಟ್ಟಿಯನ್ನು ಆ್ಯಪ್ ತೆರೆದುಕೊಳ್ಳುತ್ತಿರುವಾಗಲೇ ಇಳಿಸಿಟ್ಟುಕೊಳ್ಳಿ, ಬ್ಯಾಂಕ್ ಹೇಳಿಕೆಯನ್ನು ಅದರ ಪಕ್ಕದಲ್ಲಿಟ್ಟು ತಾಳೆ ನೋಡಿ, ಆಮೇಲೆ ನಿಮ್ಮ ಲೆಕ್ಕಪರಿಶೋಧಕರ ಬಳಿ ಹೋಗಿ.